ಹಿಂದೆ ಸರಿಯದ ಪಾದ

ಸಾಯುವವರ ಮನೆಗೆ ಹೋಗುವ ನರ್ಸು ಹೊಸ್ತಿಲು ದಾಟುವಷ್ಟರಲ್ಲಿ ಅರ್ಧ ಕೆಲಸ ಮುಗಿಸಿರಬೇಕು ಎಂಬುದು ಕನಕದುರ್ಗಮ್ಮನ ಪಾಠ. ಬಾಗಿಲು ತೆರೆದವರು ಯಾರು, ರೋಗಿಯನ್ನು ಕೇಳಿದರೆ ನಡುವೆ ಬಾಯಿ ಹಾಕುವವರು ಯಾರು, ಅವನ ಚಪ್ಪಲಿ ಎಲ್ಲಿವೆ, ಮಂಚದ ಕೆಳಗೆ ಏನಿದೆ, ಊದಿನಕಡ್ಡಿಯ ಘಮದ ಹಿಂದೆ ಇನ್ಯಾವ ವಾಸನೆ ಅಡಗಿ ಕೂತಿದೆ, ಇಷ್ಟನ್ನೂ ಕಣ್ಣು ಮೂಗುಗಳು ತಾವಾಗಿ ನೋಡಿಕೊಂಡಿರಬೇಕು. ಆಮೇಲೆ ಬಾಯಿ ತೆರೆಯಬೇಕು. ತೆರೆದರೆ ಮೊದಲ ಮಾತು ಒಂದೇ: “ಏಳಿ, ನಾಲ್ಕು ಹೆಜ್ಜೆ ಹಾಕಿ ನೋಡೋಣ.”

ಈ ಮಾತಿನಿಂದ ಕನಕದುರ್ಗಮ್ಮ ಯಾರನ್ನೂ ಬಿಟ್ಟವಳಲ್ಲ. ನಿವೃತ್ತ ಜಡ್ಜ್ ಸಾಹೇಬರನ್ನೂ ಬಿಡಲಿಲ್ಲ, ಭೀಮುನಿಪಟ್ಟಣದ ಮೀನುಗಾರರ ಮುದುಕಿಯನ್ನೂ ಬಿಡಲಿಲ್ಲ. ತೋಳು ಹಿಡಿದು ಎಬ್ಬಿಸಿ, ಬಚ್ಚಲ ಬಾಗಿಲಿನ ತನಕ ನಡೆಸಿ, ತಾನು ಹಿಂದೆ ನಿಂತು ಅವರ ಹಿಮ್ಮಡಿ ನೋಡುತ್ತಿದ್ದಳು. ನಾಲಿಗೆಗೆ ಎಲುಬಿಲ್ಲ, ಹೇಗೆ ಬೇಕಾದರೂ ಹೊರಳುತ್ತದೆ. ಕಾಲಿಗೆ ಎಲುಬಿದೆ, ಅದಕ್ಕೆ ಸುಳ್ಳು ಹೇಳಲು ಬರುವುದಿಲ್ಲ ಎನ್ನುವುದು ಅವಳ ಲೆಕ್ಕ. ವಿಶಾಖಪಟ್ಟಣದ ಆ ಪುಟ್ಟ ಕೇಂದ್ರದಲ್ಲಿ ಅವಳೇ ಹಿರಿಯ ನರ್ಸು. ವಾಸಿಯಾಗದ ಕಾಯಿಲೆಯವರ ಮನೆಮನೆಗೆ ಹೋಗಿ, ನೋವು ಎಷ್ಟಿದೆಯೆಂದು ಅಳೆದು, ಅದಕ್ಕೆ ತಕ್ಕ ಮಾತ್ರೆ ಕೊಟ್ಟು, ಹುಣ್ಣು ತೊಳೆದು, ಮನೆಯವರಿಗೆ ಧೈರ್ಯ ಹೇಳಿ ಬರುವುದು ಅಲ್ಲಿನವರ ಕೆಲಸ.

ಮೃಣಾಲಿನಿ ಅವಳ ಕೈಕೆಳಗೆ ಪಳಗಿದವಳು. ಊರು ಗದಗ. ಗಂಡ ಶ್ರೀಕಂಠ ಬ್ಯಾಂಕಿನವನು. ಅವನ ವರ್ಗಾವಣೆಯ ಬಾಲ ಹಿಡಿದು ಸಮುದ್ರದ ಈ ಊರಿಗೆ ಬಂದು, ಇದ್ದ ನರ್ಸಿಂಗ್ ಓದು ತುಕ್ಕು ಹಿಡಿಯುವುದು ಬೇಡವೆಂದು ಕೇಂದ್ರಕ್ಕೆ ಸೇರಿದ್ದಳು. ಕೆಲಸದಲ್ಲಿ ಚುರುಕು, ತೆಲುಗಿನಲ್ಲಿ ಮಾತ್ರ ಕುಂಟು. ರೋಗಿಗಳು ನೋವಿನಲ್ಲೂ ಅವಳ ತೆಲುಗಿಗೆ ನಗುತ್ತಿದ್ದರು. ನಗಲಿ ಬಿಡು, ಅದೂ ಒಂದು ಔಷಧಿ ಎಂದುಕೊಂಡಿದ್ದಳು. ಆದರೆ ದಿನವಿಡೀ ಎರವಲು ಮಾತಿನಲ್ಲಿ ಬದುಕಿದವರಿಗೆ ಸಂಜೆಗೆ ನಾಲಿಗೆ ದಣಿಯುತ್ತದೆ. ಆ ದಣಿವು ಎಂಥದೆಂದು ಪರಊರಿನಲ್ಲಿ ಇದ್ದವರಿಗೇ ಗೊತ್ತು.

ಹೀಗಿರುವಾಗ ನರಹರಿ ಕುಲಕರ್ಣಿಯವರು ಕೇಂದ್ರಕ್ಕೆ ಫೋನು ಮಾಡಿ, ತಮಗೆ ಕನ್ನಡದ ನರ್ಸೇ ಬೇಕೆಂದು ಹಟ ಹಿಡಿದರು. ಸರ್ಕಾರಿ ಕಾರ್ಖಾನೆಯಲ್ಲಿ ಎಂಜಿನಿಯರಾಗಿದ್ದು ನಿವೃತ್ತರಾದ ಧಾರವಾಡದ ಮನುಷ್ಯ. ಪ್ರಾಸ್ಟೇಟಿನ ಕ್ಯಾನ್ಸರು ಬೆನ್ನೆಲುಬಿಗೆ ಇಳಿದಿತ್ತು. ಅಲ್ಲಿಯವರೆಗೆ ಕನಕದುರ್ಗಮ್ಮನೇ ಅವರನ್ನು ನೋಡುತ್ತಿದ್ದಳು. ತೆಲುಗಿನಲ್ಲಿ ನೋವು ಹೇಳಿಕೊಳ್ಳಲು ಬರುವುದಿಲ್ಲವಂತೆ ಎಂದು ಕೇಳಿ ಅವಳು ಹುಬ್ಬೇರಿಸಿದಳು.

“ಬರುವುದಿಲ್ಲವೇ? ನನ್ನ ಜೊತೆ ಎಷ್ಟು ಚೊಕ್ಕ ತೆಲುಗಿನಲ್ಲಿ ಜಗಳ ಆಡಿದರು ಗೊತ್ತಾ! ಹೋಗಲಿ, ಸಾಯುವ ಕಾಲಕ್ಕೆ ಎಲ್ಲರಿಗೂ ತಾಯಿ ಭಾಷೆ ನೆನಪಾಗುತ್ತದೆ. ನೀನೇ ಹೋಗಮ್ಮ.”

ಕೇಂದ್ರದ ಡಾಕ್ಟರು ಸೂರ್ಯಪ್ರಕಾಶ್ ಮೃಣಾಲಿನಿಯನ್ನು ಕೂರಿಸಿಕೊಂಡು ಒಂದು ಮಾತು ಹೇಳಿದರು. ಗಡ್ಡೆ ಬೆನ್ನುಹುರಿಯ ಪಕ್ಕದಲ್ಲೇ ಇದೆ. ಯಾವತ್ತಾದರೂ ಅದು ಹುರಿಯನ್ನು ಒತ್ತಲು ಶುರುಮಾಡಬಹುದು. ಆಗ ಕಾಲು ಜೋಮು ಹಿಡಿಯುತ್ತದೆ, ಸೋಲುತ್ತದೆ, ಮೂತ್ರ ಕಟ್ಟುತ್ತದೆ. ಆ ದಿನವೇ ದೊಡ್ಡಾಸ್ಪತ್ರೆಗೆ ಒಯ್ದು ಇಂಜೆಕ್ಷನ್ನು, ರೇಡಿಯೇಷನ್ನು ಕೊಟ್ಟರೆ ಕಾಲು ಉಳಿದೀತು. ತಡವಾದರೆ ಮನುಷ್ಯ ಸೊಂಟದಿಂದ ಕೆಳಗೆ ಕಟ್ಟಿಗೆ. “ಇದನ್ನು ಅವರಿಗೂ ಅವರ ಮನೆಯವರಿಗೂ ಹೇಳಿದ್ದೇನೆ. ನೀನು ಪ್ರತಿ ಸಲ ಕಾಲು ನೋಡು. ನೋವಿಗಿಂತ ಮೊದಲು ಕಾಲು.”

ನೋಡುತ್ತೇನೆ ಎಂದು ತಲೆಯಾಡಿಸಿ ಅವಳು ಮಧುರವಾಡಕ್ಕೆ ಹೋದಳು. ಆಗಷ್ಟೇ ಎದ್ದ ಅಪಾರ್ಟ್‌ಮೆಂಟು, ಮೂರನೆಯ ಮಹಡಿ. ಲಿಫ್ಟಿನ ಜಾಗದಲ್ಲಿ ಇನ್ನೂ ಕತ್ತಲ ಗುಂಡಿ, ಅದಕ್ಕೆ ಅಡ್ಡ ಕಟ್ಟಿದ ಹಲಗೆ. ಏದುಸಿರು ಬಿಡುತ್ತ ಹತ್ತಿ ಬಾಗಿಲು ತಟ್ಟಿದರೆ ಒಳಗಿನಿಂದ ಬಂದದ್ದು ಧಾರವಾಡದ ದನಿ.

“ಬಾ ತಂಗಿ, ಒಳಗ ಬಾ. ಯಾ ಊರಾಕಿ ನೀ?”

“ಗದಗ, ಕಾಕಾ.”

“ಗದಗ ಅಂದ್ರ ನಮ್ಮ ಮನೀ ಅಂಗಳನ ಬಿಡು! ಪಾರ್ವತೀ, ಚಹಾಕ್ಕ ಇಡು.”

ಫ್ಯಾನಿನ ಕೆಳಗೆ ಕೈಯಿರುವ ಕುರ್ಚಿಯಲ್ಲಿ ಕೂತಿದ್ದರು. ಇಸ್ತ್ರಿಯ ಅಂಗಿ, ಬಿಳಿ ಧೋತರ, ಹಣೆಯಲ್ಲಿ ಅಂಗಾರ. ಮೃಣಾಲಿನಿ ಬ್ಯಾಗು ಕೆಳಗಿಟ್ಟು, ನರ್ಸು ಎನ್ನುವುದನ್ನು ಮರೆತು ಬಗ್ಗಿ ಕಾಲು ಮುಟ್ಟಿದಳು. ಅವರು ಸಂಕೋಚದಿಂದ ಎರಡೂ ಪಾದಗಳನ್ನು ಕುರ್ಚಿಯ ಅಡಿಗೆ ಎಳೆದುಕೊಂಡರು. “ಇರ್ಲಿ ಇರ್ಲಿ ತಂಗಿ, ನಮ್ಮಂಥವರ ಕಾಲೇನು ಮುಟ್ಟತೀ.” ಅದು ಅವರ ಅಭ್ಯಾಸವಂತೆ, ಸ್ವಂತ ಮಗಳು ನಮಸ್ಕರಿಸಿದರೂ ಪಾದ ಹಿಂದೆ ಸರಿಯುತ್ತದೆ ಎಂದು ಪಾರ್ವತಿಬಾಯಿ ಅಡುಗೆಮನೆಯಿಂದಲೇ ನಕ್ಕರು.

ಅಂದಿನಿಂದ ಗುರುವಾರ ಬಂತೆಂದರೆ ಮೃಣಾಲಿನಿಗೆ ತವರಿಗೆ ಹೊರಟ ಸಂಭ್ರಮ. ಉಳಿದ ಮನೆಗಳಲ್ಲಿ ಅವಳು ನರ್ಸು, ಈ ಮನೆಯಲ್ಲಿ ಮಗಳು. ಹಚ್ಚಿದ ಅವಲಕ್ಕಿ, ಮೇಲೊಂದು ಚಹಾ, ಗದಗಿನ ಸ್ಟೇಷನ್ ರಸ್ತೆಯ ಸುದ್ದಿ, ಹೊರಡುವಾಗ ಹಣೆಗೆ ಅರಿಷಿಣ ಕುಂಕುಮ. ನಡುವೆ ಎಲ್ಲೋ ನೆನಪಾಗಿ ನೋವಿನ ಪ್ರಶ್ನೆ. ಸೊನ್ನೆ ಎಂದರೆ ನೋವೇ ಇಲ್ಲ, ಹತ್ತು ಎಂದರೆ ತಡೆಯಲಾರದ್ದು. ನಿಮಗೆ ಎಷ್ಟು ಕಾಕಾ?

“ಎರಡು.”

ಪ್ರತಿ ಗುರುವಾರವೂ ಎರಡು. ಮನುಷ್ಯನ ನೋವು ಹಾಲಿನವನ ಅಳತೆಯಂತೆ ದಿನಾ ಒಂದೇ ಇರುವುದಿಲ್ಲ. ಈ ಮಾತು ಅವಳಿಗೆ ಗೊತ್ತಿತ್ತು. ಬೇರೆ ಮನೆಯಾಗಿದ್ದರೆ ಹುಬ್ಬು ಗಂಟಿಕ್ಕುತ್ತಿದ್ದಳು. ಇಲ್ಲಿ, ಮಾರ್ಫಿನ್ ಒಗ್ಗಿದೆ ದೇವರ ದಯೆ ಎಂದುಕೊಂಡಳು.

“ಕಾಲು ಹ್ಯಾಂಗವ ಕಾಕಾ?”

“ಗಟ್ಟಿ ಅವ. ದಿನಾ ಮುಂಜಾನೆ ಗೇಟಿನ ತನಕಾ ಹೋಗಿ ಬರ್ತೀನಿ.”

ಮೂರು ಮಹಡಿ ಹತ್ತಿ ತನ್ನ ಎದೆಯೇ ಇನ್ನೂ ಹೊಡೆದುಕೊಳ್ಳುತ್ತಿದ್ದರೂ ಅವಳು ಆ ಮಾತನ್ನು ನಂಬಿದಳು. ಕಣ್ಣಿದ್ದೂ ಕುರುಡು ಎನ್ನುವುದು ಇದಕ್ಕೇ. ಎದ್ದು ನಿಲ್ಲಿ, ನಡೆದು ತೋರಿಸಿ ಎನ್ನಬೇಕಾಗಿತ್ತು. ಆ ಮಾತು ಅವಳ ನಾಲಿಗೆಯ ತುದಿಗೆ ಬಂದದ್ದೂ ಉಂಟು. ತೆಲುಗಿನಲ್ಲಾದರೆ ಸಲೀಸಾಗಿ ಹೇಳುತ್ತಿದ್ದಳು. ಎರವಲು ಮಾತಿಗೆ ಸಂಕೋಚ ಕಡಿಮೆ. ಕನ್ನಡದಲ್ಲಿ ಅದು ಅಪ್ಪನ ವಯಸ್ಸಿನವರಿಗೆ ‘ಏಳ್ರಿ’ ಎಂದು ಅಪ್ಪಣೆ ಮಾಡಿದಂತೆ ಕೇಳುತ್ತಿತ್ತು. ಹಿರಿಯರು ಕೂತಿದ್ದಾರೆ, ಎದುರಿಗೆ ಚಹಾ ಇದೆ, ಹೇಗೆ ಎಬ್ಬಿಸುವುದು? ಮುಂದಿನ ವಾರ ನೋಡಿದರಾಯಿತು.

ಮುಂದಿನ ವಾರಗಳಲ್ಲಿ ಆ ಮನೆ ಸ್ವಲ್ಪಸ್ವಲ್ಪವೇ ಬದಲಾಗುತ್ತ ಹೋಯಿತು. ಒಂದು ಗುರುವಾರ ಅವರ ತೊಡೆಯಿಂದ ಕಾಲಿನ ತನಕ ಶಾಲು ಬಿದ್ದಿತ್ತು. ಸಮುದ್ರದ ಊರು, ಬೆವರು ಹರಿಯುವ ಹೊತ್ತು. ಥಂಡಿ ಅನಸ್ತದ ಎಂದರು. ಇನ್ನೊಂದು ಗುರುವಾರ ನೆಲಕ್ಕೆ ಹಾಸಿದ್ದ ಜಮಖಾನೆ ಕಾಣಲಿಲ್ಲ. ಬಾಗಿಲ ಬಳಿ ಇರುತ್ತಿದ್ದ ಅವರ ಚಪ್ಪಲಿಯ ಎಡಗಾಲಿನದು ತುದಿಯಲ್ಲಿ ಮಾತ್ರ ತೇದು ಹೋಗಿತ್ತು, ಯಾರೋ ಅದನ್ನು ನೆಲಕ್ಕೆ ಉಜ್ಜಿದ ಹಾಗೆ. ಮಂಚ ಒಳಕೋಣೆಯಿಂದ ಹಾಲಿಗೆ ಬಂದಿತ್ತು. ಅವರ ಚಹಾದ ಕಪ್ಪು ಮಾತ್ರ ಮೇಜಿನ ಮೇಲೆ ಬರುವುದು ನಿಂತಿತು. “ಅವರದು ಆಗಲೇ ಆಗ್ಯದ,” ಎನ್ನುತ್ತಿದ್ದರು ಪಾರ್ವತಿಬಾಯಿ, ಮುಖ ಆಚೆ ತಿರುಗಿಸಿ. ಊದಿನಕಡ್ಡಿ ಮೊದಲು ಒಂದಿತ್ತು, ಈಗ ಗೊಂಚಲು.

ಕನಕದುರ್ಗಮ್ಮನಾಗಿದ್ದರೆ ಇದರಲ್ಲಿ ಒಂದೇ ಒಂದನ್ನು ಕಂಡಿದ್ದರೂ ಮನೆ ಜಾಲಾಡುತ್ತಿದ್ದಳು. ಮೃಣಾಲಿನಿಯ ಎದೆಯಲ್ಲಿ ಏನೋ ಒಂದು ಚುಳ್ ಎನ್ನುತ್ತಿತ್ತು, ನಿಜ. ಆದರೆ ಅದನ್ನು ಅವಳು ಅವಲಕ್ಕಿಯ ಜೊತೆ ನುಂಗಿ ನೀರು ಕುಡಿಯುತ್ತಿದ್ದಳು.

ವರ್ಷದಿಂದ ಮಾತು ನಡೆಯುತ್ತಿದ್ದ ಮಗಳು ಧನ್ಯಾಳ ಮದುವೆ ಮಾಘ ಮಾಸದ ಹೊತ್ತಿಗೆ ನಿಕ್ಕಿಯಾಯಿತು. ಹುಡುಗ ಜಗನ್ಮೋಹನ್, ವಿಜಯವಾಡದವನು, ಅವಳ ಜೊತೆ ಓದಿದವನು. ಮದುವೆಯೂ ಅಲ್ಲೇ, ಬೆಳಗಿನ ಮುಹೂರ್ತ. ಇದು ತಪ್ಪಿದರೆ ಹುಡುಗನ ಕಡೆಯವರ ಲೆಕ್ಕದಲ್ಲಿ ಮುಂದಿನ ವರ್ಷದ ತನಕ ಲಗ್ನವಿಲ್ಲ. ಮುಂದಿನ ವರ್ಷಕ್ಕೆ ನರಹರಿ ಇರುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು, ಅವರಿಗೂ.

ಆ ಗುರುವಾರ ಅವರೇ ಲಗ್ನಪತ್ರಿಕೆಯನ್ನು ಅವಳ ಕೈಗೆ ಕೊಟ್ಟರು.

“ತಂಗಿ, ಒಂದ ಆಸೆ ಅದ ನನಗ. ಇಪ್ಪತ್ತೈದು ವರ್ಷ ಸಾಕಿದ ಕೂಸು. ಆಕೀನ್ನ ಧಾರಿ ಎರಿಯೂ ಹೊತ್ತಿನಾಗ ನನ್ನ ಕಾಲ ಮ್ಯಾಲೆ ನಾ ನಿಂತಿರಬೇಕು. ಯಾರೂ ಹಿಡಕೊಂಡಿರಬಾರದು. ಆಮ್ಯಾಲೆ ಆ ನರಸಿಂಹ ಒಯ್ದರೂ ಒಯ್ಯಲಿ. ಡಾಕ್ಟರು ನೀ ಹೂಂ ಅಂದ್ರ ಹೂಂ ಅಂದಾರ. ನಾ ಹೋಗಬಹುದಲ್ಲಾ?”

ಡಾಕ್ಟರು ಹಾಗೆ ಹೇಳಿದ್ದು ನಿಜ. ಅವಳು ನೋಡಿ ಬಂದು ಕಾಲು ಗಟ್ಟಿಯಿದೆ ಎಂದರೆ ಕಾರಿನಲ್ಲಿ ಹೋಗಬಹುದು, ಜೊತೆಗೆ ಅವಳೂ ಹೋಗಬೇಕು ಎಂದಿದ್ದರು. ಮೃಣಾಲಿನಿ ಶಾಲಿನ ಕಡೆ ನೋಡಿದಳು. ನರಹರಿ ಅವಳ ಮುಖವನ್ನೇ ನೋಡುತ್ತಿದ್ದರು. ಬಾಗಿಲ ಬಳಿ ಪಾರ್ವತಿಬಾಯಿ ಕುಂಕುಮದ ಬಟ್ಟಲು ಹಿಡಿದು ಉಸಿರು ಬಿಗಿಹಿಡಿದಿದ್ದರು. ಕೆಳಗೆಲ್ಲೋ ಕೆಲಸಗಾರರು ಕಬ್ಬಿಣ ಬಡಿಯುವ ಸದ್ದು. ಒಂದು ಗಳಿಗೆ, ಎದ್ದು ಆ ಶಾಲನ್ನು ಸರಿಸಲೇ ಎನ್ನಿಸಿತು ಅವಳಿಗೆ.

“ಕಾಲು ಹ್ಯಾಂಗವ ಕಾಕಾ?” ಎಂದಳು, ಕೂತಲ್ಲಿಂದಲೇ.

“ಗಟ್ಟಿ ಅವ,” ಎಂದರು ಅವರು, ಕೂತಲ್ಲಿಂದಲೇ.

“ಹಂಗಾದ್ರ ಹೋಗೂಣು.”

ಪಾರ್ವತಿಬಾಯಿಯ ಕಣ್ಣಲ್ಲಿ ನೀರು ಬಂತು. ಸಂತೋಷದ ನೀರು ಎಂದುಕೊಂಡು ಮೃಣಾಲಿನಿ ಮೆಟ್ಟಿಲು ಇಳಿದಳು. ಸಂಜೆ ಡಾಕ್ಟರಿಗೆ, ದಿನಾ ಗೇಟಿನ ತನಕ ಹೋಗಿ ಬರುತ್ತಾರೆ ಸಾರ್ ಎಂದು ಹೇಳಿದಳು. ಅವರು ಮತ್ತೆ ಕೇಳಿದರು: “ನೀನು ನೋಡಿದೆಯಾ?” ಅವಳು ಹೌದು ಎಂದುಬಿಟ್ಟಳು. ಸುಳ್ಳು ಹೇಳುತ್ತಿದ್ದೇನೆ ಎಂದು ಅವಳಿಗೆ ಅನ್ನಿಸಲೇ ಇಲ್ಲ. ಕಾಕಾ ಹೇಳಿದ್ದು ಅವಳು ನೋಡಿದಷ್ಟೇ ಆಗಿಹೋಗಿತ್ತು.

ಮುಂದಿನ ಗುರುವಾರ ಬರುವ ಮೊದಲೇ ಹೊರಡುವ ದಿನ ಬಂತು. ಆ ಬೆಳಿಗ್ಗೆ ಅವಳು ಮಧುರವಾಡಕ್ಕೆ ಹೋದಾಗ ನರಹರಿ ಆಗಲೇ ಕಾರಿನ ಹಿಂದಿನ ಸೀಟಿನಲ್ಲಿ ಕೂತಾಗಿತ್ತು, ಅದೇ ಶಾಲು, ಅದೇ ಇಸ್ತ್ರಿಯ ಅಂಗಿ. ನಿಧಾನಕ್ಕೆ ತಾವೇ ಇಳಿದು ಬಂದರು ಎಂದರು ಪಾರ್ವತಿಬಾಯಿ. ವಾಚ್‌ಮನ್ ಈಶ್ವರಯ್ಯ ಗೋಡೆಗೆ ಒರಗಿ ಭುಜ ಉಜ್ಜಿಕೊಳ್ಳುತ್ತಿದ್ದ, ಅಂಗಿ ಬೆವರಿನಿಂದ ತೊಯ್ದಿತ್ತು. ಮೆಟ್ಟಿಲ ಕೆಳಗೆ ಹಾಲಿನ ಆ ಕುರ್ಚಿ ನಿಂತಿತ್ತು. ಮೂರನೆಯ ಮಹಡಿಯ ಕುರ್ಚಿಗೆ ಕೆಳಗೇನು ಕೆಲಸ ಎಂದು ಕೇಳುವಷ್ಟರಲ್ಲಿ ಡ್ರೈವರು ಹಾರ್ನ್ ಹೊಡೆದ. ಧನ್ಯಾ ಮುಂದಿನ ಸೀಟಿನಿಂದ ಕೂಗಿದಳು: “ಅಕ್ಕಾ, ತ್ವರಗಾ ಬಾರಕ್ಕ, ಲೇಟ್ ಆಗ್ತದ!” ಕೆಲಸದ ಮೇಲೆ ಹೈದರಾಬಾದಿನಲ್ಲಿದ್ದು ಹಿಂದಿನ ದಿನವಷ್ಟೇ ಬಂದವಳು. ಅವಳ ಕನ್ನಡದಲ್ಲಿ ಅರ್ಧ ತೆಲುಗು. ಅಪ್ಪ ಸೋತಿದ್ದಾರೆ ಎಂದಷ್ಟೇ ಅವಳಿಗೆ ಗೊತ್ತಿತ್ತು.

ಅನ್ನವರಂನಲ್ಲಿ ಎಲ್ಲರೂ ಇಳಿದು ಪ್ರಸಾದ ತಿಂದರು, ನರಹರಿ ಇಳಿಯಲಿಲ್ಲ. ತುಸು ಕಾಲಾಡಿಸಿ ಬರ್ರಿ ಎಂದರೆ, ಬ್ಯಾಡ, ಕೂತರ ಆರಾಮದ ಎಂದರು. ರಾಜಮಂಡ್ರಿಯಲ್ಲಿ ಗೋದಾವರಿ ದಾಟುವಾಗ ಪಾರ್ವತಿಬಾಯಿ ಕಿಟಕಿಯಿಂದ ನಾಣ್ಯ ಎಸೆದು ಕೈಮುಗಿದರು. ಮುಗಿದ ಕೈ ಸೇತುವೆ ಮುಗಿದರೂ ಬಿಡಲಿಲ್ಲ. ಏಲೂರಿನ ಹತ್ತಿರ ಬರುವಷ್ಟರಲ್ಲಿ ಮೃಣಾಲಿನಿಯೊಳಗಿನ ನರ್ಸು ಎಚ್ಚರವಾಗತೊಡಗಿದ್ದಳು. ಬೆಳಗಿನಿಂದ ಈ ಮನುಷ್ಯ ಒಂದಕ್ಕೂ ಇಳಿಯಲಿಲ್ಲವಲ್ಲ! ಈ ಕಾಯಿಲೆಯವರಿಗೆ ಅದು ಪದೇ ಪದೇ ಬರುವಂಥದು.

“ಕಾಕೂ, ಕಾಕಾಗ ಒಮ್ಮೆ ಇಳಸೂಣೇನು?”

“ಅವರು ನೀರ ಕುಡದಿಲ್ಲವಾ ಮುಂಜಾನಿಂದ,” ಎಂದರು ಪಾರ್ವತಿಬಾಯಿ, ರಸ್ತೆಯನ್ನೇ ನೋಡುತ್ತ.

ವಿಜಯವಾಡದ ಕಲ್ಯಾಣ ಮಂಟಪದ ಮುಂದೆ ಕಾರು ನಿಂತಾಗ, ದಣಿದಿದ್ದಾರೆಂದು ಹುಡುಗನ ಕಡೆಯವರು ಗಾಲಿಕುರ್ಚಿಯನ್ನೇ ತಂದು ಅವರನ್ನು ಎತ್ತಿ ಕೂರಿಸಿದರು. ಪಾರ್ವತಿಬಾಯಿ ಅದರ ಹಿಡಿಕೆಯನ್ನು ತಾವೇ ಹಿಡಿದು, ಕೆಳಗಿನ ಕೋಣೆಯೊಳಗೆ ತಳ್ಳಿಕೊಂಡು ಹೋಗಿ ಬಾಗಿಲು ಹಾಕಿಕೊಂಡರು. ಮೃಣಾಲಿನಿ ತಟ್ಟಿದರೆ, ಮಲಗ್ಯಾರ, ನಾಳೆ ನೋಡುವಿಯಂತ ಎಂಬ ಉತ್ತರ ಒಳಗಿನಿಂದ ಬಂತು. ಅವಳು ನಿದ್ದೆಯಿಲ್ಲದೆ ಹೊರಳಿದಳು.

ಬೆಳಿಗ್ಗೆ ಕಾಲುವೆಯ ಕಡೆಯಿಂದ ತಣ್ಣನೆಯ ಗಾಳಿ ಬರುತ್ತಿತ್ತು. ಓಲಗದವರು ಶ್ರುತಿ ಕೂಡಿಸುತ್ತಿದ್ದರು. ಮಂಟಪಕ್ಕೆ ಹೋಗುವ ಮುಂಚೆ ಅಪ್ಪ ಅಮ್ಮನಿಗೆ ನಮಸ್ಕರಿಸಲು ಧನ್ಯಾ ಆ ಕೋಣೆಗೆ ಬಂದಳು. ಮೃಣಾಲಿನಿ ಅಕ್ಷತೆಯ ತಟ್ಟೆ ಹಿಡಿದು ಅವಳ ಬೆನ್ನಿಗೇ ಒಳಗೆ ಹೋದಳು. ನರಹರಿ ಜರಿಯ ಧೋತರ ಉಟ್ಟು, ಶಲ್ಯ ಹೊದ್ದು, ಕಿಟಕಿಯ ಕಡೆ ಮುಖ ಮಾಡಿ ಓಲಗ ಕೇಳುತ್ತ ಕೂತಿದ್ದರು. ಅಂದು ಕಾಲ ಮೇಲೆ ಶಾಲು ಇರಲಿಲ್ಲ. ಪಾದಗಳು ತೊಳೆದು ಒರೆಸಿ ಜೋಡಿಸಿಟ್ಟ ಹಾಗಿದ್ದವು.

ಧನ್ಯಾ ಮಂಡಿಯೂರಿ ಎರಡೂ ಕೈಗಳಿಂದ ಆ ಪಾದಗಳನ್ನು ಹಿಡಿದು ಹಣೆ ಮುಟ್ಟಿಸಿದಳು. ತುಂಬ ಹೊತ್ತು ಹಾಗೇ ಇದ್ದಳು. ಅವಳ ಕೈತುಂಬ ಬಳೆ, ಬಳೆಯ ಅಂಚು ಅವರ ಹೆಬ್ಬೆರಳಿಗೆ ಒತ್ತುತ್ತಿತ್ತು.

ಪಾದ ಹಿಂದೆ ಸರಿಯಲಿಲ್ಲ.

ನರಹರಿ ಕಿಟಕಿಯ ಕಡೆಯೇ ನೋಡುತ್ತಿದ್ದರು. ಕಾಲ ಬುಡದಲ್ಲಿ ಮಗಳಿದ್ದಾಳೆಂದು ಅವರಿಗೆ ತಿಳಿದೇ ಇರಲಿಲ್ಲ. ಪಾರ್ವತಿಬಾಯಿ ಗಂಡನ ಭುಜ ಅಲುಗಿಸಿ, “ರೀ, ಧನ್ಯಾ ನಮಸ್ಕಾರ ಮಾಡ್ಲಿಕ್ಕತ್ತಾಳ,” ಎಂದ ಮೇಲೆ ಬೆಚ್ಚಿ ಕೆಳಗೆ ನೋಡಿದರು. ನೋಡಿ, ನಕ್ಕು, ತಲೆಯ ಮೇಲೆ ಕೈಯಿಟ್ಟರು. “ಇರ್ಲಿ ಇರ್ಲಿ ಕೂಸ.”

ಬಾಯಿ ಹಳೆಯ ಮಾತನ್ನೇ ಆಡಿತು. ಕಾಲು ಆಡಲಿಲ್ಲ. ಮೃಣಾಲಿನಿ ಅಕ್ಷತೆಯ ತಟ್ಟೆಯನ್ನು ಕೆಳಗಿಟ್ಟಳು.

ಧನ್ಯಾಳನ್ನು ಹೆಂಗಸರು ಕರೆದುಕೊಂಡು ಹೋದ ಕೂಡಲೇ ಅವಳು ಬಾಗಿಲು ಹಾಕಿ ಅಗಳಿ ಜಡಿದಳು.

“ಕಾಕಾ, ಎದ್ದು ನಿಲ್ರಿ.”

ಇಷ್ಟು ಗುರುವಾರ ಗಂಟಲಲ್ಲಿ ಉಳಿದಿದ್ದ ಮಾತು ಎಷ್ಟು ಸಲೀಸಾಗಿ ಬಂತು! ನರಹರಿ ಅಲುಗಾಡಲಿಲ್ಲ. ಪಾರ್ವತಿಬಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡರು.

“ಕಣ್ಣು ಮುಚ್ಚರಿ. ನಾ ಕಾಲು ಮುಟ್ಟಿದಾಗ ಹೇಳ್ರಿ.”

ಅವರು ವಿಧೇಯ ಹುಡುಗನಂತೆ ಕಣ್ಣು ಮುಚ್ಚಿದರು. ಅವಳು ಪೆನ್ನಿನ ತುದಿಯಿಂದ ಅಂಗಾಲನ್ನು ಹಿಮ್ಮಡಿಯಿಂದ ಬೆರಳಿನ ತನಕ ಗೀರಿದಳು. ಅವರು ಸುಮ್ಮನಿದ್ದರು. ಮೀನಖಂಡ ಒತ್ತಿದಳು, ಮಂಡಿ ಒತ್ತಿದಳು. ಸುಮ್ಮನಿದ್ದರು. ಆಮೇಲೆ ಅವಳು ಕೈ ಹಿಂದೆ ತೆಗೆದುಕೊಂಡು ತನ್ನ ಮಡಿಲಲ್ಲಿ ಇಟ್ಟುಕೊಂಡು ಕಾದಳು.

“ಈಗ,” ಎಂದರು ನರಹರಿ. “ಈಗ ಮುಟ್ಟಿದಿ.”

ಪಾರ್ವತಿಬಾಯಿ ಗೋಡೆಗೆ ತಿರುಗಿ ಅತ್ತುಬಿಟ್ಟರು. ಮೃಣಾಲಿನಿ ಧೋತರದ ನೆರಿಗೆ ಸರಿಸಿದಳು. ತೊಡೆಗೆ ಪಟ್ಟಿಯಿಂದ ಬಿಗಿದ ಮೂತ್ರದ ಚೀಲ. ಬೀದಿಯ ಕಾಂಪೌಂಡರನ ಕೈಯಲ್ಲಿ ಹಾಕಿಸಿದ್ದು. ಊದಿನಕಡ್ಡಿ ಗೊಂಚಲಾದದ್ದೇಕೆ, ಚಹಾದ ಕಪ್ಪು ಬಾರದೆ ಹೋದದ್ದೇಕೆ, ಜಮಖಾನೆ ಎಲ್ಲಿಗೆ ಹೋಯಿತು, ಎಲ್ಲವೂ ಅವಳ ಕಣ್ಣೆದುರು ಒಟ್ಟಿಗೇ ಬಂದು ನಿಂತವು. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು.

“ಎಂದಿನಿಂದ?” ಎಂದಳು.

ಹೇಳಿದ್ದು ಪಾರ್ವತಿಬಾಯಿ. ಮೊದಲು ಬರೀ ಜೋಮು. ಆಮೇಲೆ ಎಡಗಾಲು ಎಳೆಯತೊಡಗಿತು, ಮೂತ್ರ ಕಟ್ಟಿತು. “ನಿನಗ ಲಗ್ನಪತ್ರಿಕಿ ಕೊಟ್ಟರಲ್ಲ, ಆ ಗುರುವಾರ ಇನ್ನೂ ಜೀವ ಇತ್ತವಾ ಕಾಲಾಗ. ಗ್ವಾಡಿ ಹಿಡಕೊಂಡು ನಿಲ್ಲತಿದ್ರು. ನೀ ಶಾಲಿನ ಕಡೆ ನೋಡಿದಿ. ನೋಡಿದಾಗ ನಾ ಒಳಗೊಳಗ ರಾಯರನ್ನ ಬೇಡಿಕೊಂಡೆ, ತಗದು ನೋಡಲಿ ಈಕಿ, ನೋಡಿಬಿಡಲಿ ಅಂತ. ನಾ ಹೇಳಂಗಿಲ್ಲಂತ ಇವರು ತಮ್ಮ ಮ್ಯಾಲೆ ಆಣಿ ಹಾಕಿಸಿಕೊಂಡಿದ್ರು. ನೀ ನೋಡಲಿಲ್ಲ. ಅದರ ಮರುದಿನಾನ ಕುಸುದ ಬಿದ್ರು.”

ಆ ದಿನದ ಕಣ್ಣೀರು ಸಂತೋಷದ್ದಾಗಿರಲಿಲ್ಲ.

“ಡಾಕ್ಟರು ನಿಮಗ ಹೇಳಿದ್ರಲ್ಲ ಕಾಕಾ! ಕಾಲು ಸೋತ ದಿನಾನ ಬರ್ರಿ ಅಂತ. ಬಂದಿದ್ರ ಇವತ್ತ ನೀವು ನಿಂತಿರತಿದ್ರಿ ಏನೋ!” ಅವಳ ದನಿ ಏರಿತು. ಸಿಟ್ಟು ಅವರ ಮೇಲೋ ತನ್ನ ಮೇಲೋ ಅವಳಿಗೇ ತಿಳಿಯಲಿಲ್ಲ.

“ದವಾಖಾನಿಗೆ ಹೋದವರು ತಿರುಗಿ ಬಂದದ್ದು ನಾ ಕಂಡಿಲ್ಲ,” ಎಂದರು ನರಹರಿ. ನಡುಗದ ದನಿ, ಕಾರ್ಖಾನೆಯಲ್ಲಿ ಮೇಲಿನವರಿಗೆ ಲೆಕ್ಕ ಒಪ್ಪಿಸುವ ದನಿ. “ಒಳಗ ಹಾಕ್ತಾರ, ಮದವಿ ನಿಂದ್ರತದ. ಅದಕ್ಕ ಮುಚ್ಚಿದೆ. ಆ ಕನಕದುರ್ಗಮ್ಮ ಬಂದ್ರ ಮುಚ್ಚಲಿಕ್ಕೆ ಆಗತಿದ್ದಿಲ್ಲ. ಮನಿಗೆ ಕಾಲಿಟ್ಟ ಕೂಡ್ಲೆ ಏಳು ಅಂತಾಳ, ನಡಿ ಅಂತಾಳ. ಅದಕ್ಕ ಕನ್ನಡದಾಕೀನ್ನ ಕೇಳಿದೆ.”

“ಅಂದ್ರ?”

“ನಮ್ಮ ಕಡೆ ಹುಡುಗಿ ಹಿರೇರಿಗೆ ಏಳ್ರಿ ಅನ್ನಂಗಿಲ್ಲ, ತಂಗಿ. ಅದು ನನಗ ಗೊತ್ತಿತ್ತು.”

ಹೊರಗೆ ಓಲಗ ಜೋರಾಯಿತು. ಅವಲಕ್ಕಿ, ಚಹಾ, ಗದಗಿನ ಸ್ಟೇಷನ್ ರಸ್ತೆ, ಮನೀ ಅಂಗಳ. ತವರು ಎಂದುಕೊಂಡು ಮೃಣಾಲಿನಿ ಮೆಟ್ಟಿಲು ಹತ್ತಿದ ಆ ಮನೆಯಲ್ಲಿ ಮೊದಲ ದಿನದಿಂದ ಅವಳಿಗಾಗಿ ಒಂದು ಕಣ್ಕಟ್ಟು ಹೂಡಿಟ್ಟಿದ್ದರು. ಪ್ರೀತಿ ಸುಳ್ಳಾಗಿತ್ತೇ? ಇರಲಿಕ್ಕಿಲ್ಲ. ಹಾಗಂದುಕೊಂಡರೂ ಎದೆಯ ಉರಿ ಕಡಿಮೆಯಾಗಲಿಲ್ಲ.

ಡಾಕ್ಟರಿಗೆ ಫೋನು ಹಚ್ಚಿದಳು. ಸೂರ್ಯಪ್ರಕಾಶ್ ಪೂರ್ತಿ ಕೇಳಿಸಿಕೊಂಡರು. ಎಂದಿನಿಂದ ಎಂದು ಅವರೂ ಕೇಳಿದರು, ಅವಳು ಹೇಳಿದಳು.

“ವಿಜಯವಾಡದಲ್ಲಿ ನನ್ನ ಗೆಳೆಯರಿದ್ದಾರೆ, ಧಾರೆ ಮುಗಿದ ಕೂಡಲೇ ಕರೆದುಕೊಂಡು ಹೋಗು. ಸೋಲು ಸೊಂಟದಿಂದ ಮೇಲಕ್ಕೆ ಏರದಂತೆ ತಡೆಯೋಣ. ಕಾಲು...” ಎಂದು ನಿಲ್ಲಿಸಿದರು. “ಕಾಲಿನ ಮಾತು ಮುಗಿಯಿತು, ಮೃಣಾಲಿನಿ. ನೀನು ನೋಡಿದೆ ಅಂದಿದ್ದೆಯಲ್ಲ?”

ಅಷ್ಟರಲ್ಲಿ ಹೊರಗಿನಿಂದ ಬಾಗಿಲು ತಟ್ಟಿದರು, ಕನ್ಯಾಪಿತೃಗಳನ್ನು ಕರೆಯುತ್ತಿದ್ದಾರೆ ಎಂದು.

“ಮಗಳಿಗೆ ಹೇಳಬ್ಯಾಡ,” ಎಂದರು ನರಹರಿ. “ನಿಂದ್ರಬೇಕಂತ ಭಾಳ ಆಸೆ ಇತ್ತು, ತಂಗಿ.”

ಗಾಲಿಕುರ್ಚಿಯನ್ನು ಮಂಟಪದ ಮೇಲೆ ಏರಿಸಿದರು. ಪ್ರಯಾಣದ ದಣಿವು ಎಂದು ಎಲ್ಲರೂ ನಂಬಿದರು. ನಂಬುವುದಕ್ಕೆ ಜನಕ್ಕೆ ಹೆಚ್ಚೇನೂ ಬೇಡ. ಪುರೋಹಿತರು ಸಂಕಲ್ಪ ಹೇಳಿಸಿದರು. ಧನ್ಯಾಳ ಕೈ ಜಗನ್ಮೋಹನನ ಕೈಯಲ್ಲಿ, ಅದರ ಮೇಲೆ ಅಪ್ಪನ ಕೈ, ಮೇಲಿನಿಂದ ಪಾರ್ವತಿಬಾಯಿ ಕಲಶದ ನೀರು ಎರೆದರು. ಅಳುವ ತಾಯಿಯ ಕೈ ನೆಟ್ಟಗಿರುತ್ತದೆಯೇ? ನೀರು ಹರಿವಾಣ ತಪ್ಪಿ ನರಹರಿಯ ಪಾದದ ಮೇಲೆ ಧಾರಾಕಾರ ಸುರಿಯಿತು. ಧೋತರದ ಅಂಚು ತೊಯ್ದಿತು, ಬೆರಳ ಸಂದಿಯಲ್ಲಿ ನೀರು ಹರಿಯಿತು. ಅವರು ಮಗಳ ಮುಖ ನೋಡುತ್ತ ಮಂತ್ರ ಹೇಳುತ್ತಲೇ ಇದ್ದರು.

ಧನ್ಯಾ ಕೆಳಗೆ ನೋಡಿದಳು. ಮೊದಲು ನೀರನ್ನು, ಆಮೇಲೆ ಆ ಪಾದವನ್ನು. ಮೆಲ್ಲಗೆ ತನ್ನ ಕಾಲು ಚಾಚಿ ಅಪ್ಪನ ಹೆಬ್ಬೆರಳನ್ನು ಒತ್ತಿದಳು. ಇನ್ನೂ ಬಲವಾಗಿ ಒತ್ತಿದಳು. ಅಪ್ಪ ನಗುತ್ತಲೇ ಇದ್ದರು. ತಲೆಯೆತ್ತಿ, ಎದುರಿಗೆ ನಿಂತ ಜನರನ್ನೆಲ್ಲ ದಾಟಿ ಮೃಣಾಲಿನಿಯನ್ನು ಹುಡುಕಿದಳು.

ಗಟ್ಟಿಮೇಳ ಮೊಳಗಿತು, ಅಕ್ಷತೆ ಬಿತ್ತು. ಜನ ನೂಕಿಕೊಂಡು ಮಂಟಪಕ್ಕೆ ಬಂದಾಗ ಮೃಣಾಲಿನಿಯೂ ಹತ್ತಿರ ಬಂದಳು. ಧನ್ಯಾ ಅವಳ ಮುಂಗೈ ಹಿಡಿದು ಬಗ್ಗಿಸಿಕೊಂಡು ಕಿವಿಯಲ್ಲಿ ಕೇಳಿದಳು. ತೆಲುಗು ಒಂದಕ್ಷರ ಬೆರೆಸದೆ ಕೇಳಿದಳು.

“ಅಕ್ಕಾ, ಅಪ್ಪಗ ಯಾವಾಗಿಂದ ಹಿಂಗ?”

ನಿನ್ನೆಯಿಂದ ಎನ್ನಬಹುದಿತ್ತು. ಕಾರಿನಲ್ಲಿ ಕೂತು ಹೀಗಾಯಿತು, ನಾಳೆ ಸರಿಹೋಗುತ್ತದೆ ಎನ್ನಬಹುದಿತ್ತು. ಹೇಳಬ್ಯಾಡ ಎಂದ ನರಹರಿ ಪಕ್ಕದಲ್ಲೇ ಕೂತು ಅವಳನ್ನೇ ನೋಡುತ್ತಿದ್ದರು.

“ನಾ ಲಗ್ನಪತ್ರಿಕಿ ತಗೊಂಡು, ಚಹಾ ಕುಡದು, ಕಾಲು ನೋಡದನ ಎದ್ದು ಹೋದ್ನೆಲ್ಲ,” ಎಂದಳು ಮೃಣಾಲಿನಿ, “ಆ ಗುರುವಾರದಿಂದ.”

ಧನ್ಯಾ ಅವಳ ಕೈ ಬಿಟ್ಟಳು. ಪುರೋಹಿತರು ಸಪ್ತಪದಿಗೆ ಕರೆದರು. ಮದುಮಗಳು ಅಪ್ಪನ ಕಾಲಿನಿಂದ ಹರಿದು ಬಂದ ನೀರಿನಲ್ಲಿ ಪಾದ ಊರಿ ಎದ್ದು ನಿಂತಳು.